ಯಾವ ದೇಶದವರೆಂದು ಕೇಳುವ ಮುನ್ನ



ಹುಟ್ಟಿದ ಕೂಸನ್ನು ತೊಟ್ಟಿಲಲ್ಲಿಟ್ಟು ಹಿರಿಯರು ಒಂದು ಹೆಸರನ್ನು ಕಿವಿಯಲ್ಲಿ ಹೇಳುತ್ತಾರೆ. ಬೆಳೆದ ಮೇಲೆ ಊರು ಇನ್ನೊಂದು ಹೆಸರಿಡುತ್ತದೆ. ಗಾಣದ ಬಸಪ್ಪ, ಕಟ್ಟೆಮನೆ ಗೌರಮ್ಮ, ಮೂಲೆಮನೆ ಮಾಸ್ತರು ಎಂದು ಅದು ಮನೆಯನ್ನೋ ಕಸುಬನ್ನೋ ಹಿಡಿದು ಬರುತ್ತದೆ. ಈ ಎರಡಕ್ಕೂ ಮನುಷ್ಯ ಓಗೊಡುತ್ತಾನೆ. ಮೂರನೆಯದೊಂದು ಹೆಸರಿದೆ. ಅದನ್ನು ಇಡುವವರು ಅವನನ್ನು ಕಂಡವರಲ್ಲ, ಅವನ ಅಂಗಳದಲ್ಲಿ ನೀರು ಕುಡಿದವರಲ್ಲ. ಮೈಬಣ್ಣವನ್ನೋ ಕೂದಲನ್ನೋ ಕಣ್ಣಿನ ಆಕಾರವನ್ನೋ ದೂರದಿಂದ ನೋಡಿ ಇಟ್ಟುಬಿಡುತ್ತಾರೆ. ಆ ಹೆಸರು ತನಗಿದೆ ಎಂಬುದು ಬಸ್ಸಿನಲ್ಲಿಯೋ ಪೇಟೆಯಲ್ಲಿಯೋ ಯಾರಾದರೂ ಕೂಗಿದಾಗಲೇ ಅವನಿಗೆ ತಿಳಿಯುವುದು. ಇಂದು ಈ ಮೂರನೆಯ ಹೆಸರಿನ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದು ಸಂಕಲ್ಪಿಸಿದ್ದೇವೆ.

ಕಾರವಾರ, ಅಂಕೋಲೆಯ ಭಕ್ತರಿಗೆ ಸಿದ್ದಿ ಜನರ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಬಯಲುಸೀಮೆಯಿಂದ ಈ ಅಂಕಣವನ್ನು ಓದುವವರಿಗಾಗಿ ಹೇಳುತ್ತೇವೆ. ಅಂಕೋಲೆ ತಾಲೂಕಿನ ಘಟ್ಟದ ಮಗ್ಗುಲಿನ ಹಳ್ಳಿಗಳಲ್ಲಿ, ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ ತಾಲೂಕುಗಳ ಕಾಡಿನಂಚಿನಲ್ಲಿ ಇವರ ಮನೆಗಳಿವೆ. ಅಡಿಕೆ ತೋಟದ ಕೆಲಸ, ಗದ್ದೆಯ ಕೆಲಸ, ಕಾಡಿನ ಉತ್ಪನ್ನ ಇವರ ಜೀವನ. ಮೈಬಣ್ಣ ಕಪ್ಪು, ಕೂದಲು ಗುಂಗುರು. ಮನೆಯ ಮಾತು ಕೊಂಕಣಿಯ ಒಂದು ಬಗೆ, ಊರಿನ ಮಾತು ಕನ್ನಡ. ಇವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮೂರು ಧರ್ಮಗಳಲ್ಲಿ ಹಂಚಿಹೋಗಿಯೂ ತಾವೆಲ್ಲ ಒಂದೇ ಜನ ಎಂಬ ತಿಳಿವಳಿಕೆಯನ್ನು ಇವರು ಬಿಟ್ಟುಕೊಟ್ಟಿಲ್ಲ. ಒಂದೇ ಧರ್ಮದೊಳಗೆ ಇದ್ದುಕೊಂಡು ನೂರೆಂಟು ಪಂಗಡ ಮಾಡಿಕೊಂಡ ನಮ್ಮಂಥವರು ಇದನ್ನು ಸ್ವಲ್ಪ ನಿಂತು ನೋಡಬೇಕು.

ಇವರು ಇಲ್ಲಿಗೆ ಬಂದದ್ದು ಹೇಗೆ? ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು, 1961ರವರೆಗೆ ಬಿಡಲಿಲ್ಲ. ಆಫ್ರಿಕಾ ಖಂಡದ ಪೂರ್ವ ತೀರದಲ್ಲಿ ಮೊಝಾಂಬಿಕ್ ಕೂಡ ಅವರ ಕೈಯಲ್ಲಿತ್ತು. ಅಲ್ಲಿಯ ಜನರನ್ನು ಹಿಡಿದು ಹಡಗಿನಲ್ಲಿ ತುಂಬಿ ಗೋವೆಯ ಮನೆಗಳಿಗೆ ಗುಲಾಮರನ್ನಾಗಿ ತಂದರು. ಒಡೆಯನ ಕಾಟ ತಾಳಲಾರದವರು ಗಡಿ ದಾಟಿ ನಮ್ಮ ಘಟ್ಟದ ಕಾಡನ್ನು ಸೇರಿದರು. ಕುಂಪಣಿ ಸರಕಾರದ ಆಳ್ವಿಕೆಯಲ್ಲಿ 1843ರ ಕಾಯಿದೆಯಿಂದ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ಹೋಯಿತು. ಪೋರ್ಚುಗೀಸರ ರಾಜ್ಯದಲ್ಲಿ ಅದನ್ನು ರದ್ದು ಮಾಡಿದ್ದು 1869ರಲ್ಲಿ. ನಡುವಿನ ಇಪ್ಪತ್ತಾರು ವರ್ಷ, ಇಂದು ಮಾಜಾಳಿಯ ಆಚೆ ನಾವು ಬಸ್ಸಿನಲ್ಲಿ ಲೆಕ್ಕಕ್ಕಿಲ್ಲದಂತೆ ದಾಟುವ ಗಡಿಯ ಆಚೆಗೆ ಮನುಷ್ಯ ಗುಲಾಮ, ಈಚೆಗೆ ಸ್ವತಂತ್ರ. ಕಾರವಾರದ ಮಣ್ಣಿಗೆ ಇಂಥದೊಂದು ಪುಣ್ಯವೂ ಇದೆಯೆಂಬುದನ್ನು ಅಲ್ಲಿಯ ಮಕ್ಕಳಿಗೆ ಯಾರೂ ಹೇಳಿಕೊಟ್ಟಂತೆ ಕಾಣುವುದಿಲ್ಲ.

ಗೋವೆಯಿಂದ ಬಂದವರಷ್ಟೇ ಅಲ್ಲ. ದಖ್ಖಣದ ಸುಲ್ತಾನರ ದಂಡಿನಲ್ಲಿ ಹಬಶಿ ಸರದಾರರಿದ್ದರು. ಹಬಶಿ ಎಂದರೆ ಅಬಿಸೀನಿಯಾದವನು, ಈಗಿನ ಇಥಿಯೋಪಿಯಾ. ಅಲ್ಲಿ ಹುಟ್ಟಿ ಬಾಲ್ಯದಲ್ಲೇ ಮಾರಾಟವಾದ ಮಲಿಕ್ ಅಂಬರ್ ಅಹಮದನಗರ ರಾಜ್ಯದ ಮಂತ್ರಿಯಾಗಿ, 1626ರಲ್ಲಿ ತೀರಿಕೊಳ್ಳುವವರೆಗೂ ಮೊಗಲರ ದಂಡನ್ನು ತಡೆದು ನಿಲ್ಲಿಸಿದ. ವಿಜಾಪುರದ ಆದಿಲಶಾಹಿಯಲ್ಲಿ ಇಖ್ಲಾಸ್ ಖಾನನೆಂಬ ಹಬಶಿ ಅಧಿಕಾರ ನಡೆಸಿದ. ಅವರ ಬಣ್ಣ ಕಪ್ಪೆಂದು ಆಗ ಯಾರೂ ಸಲಾಮು ಹೊಡೆಯುವುದನ್ನು ಬಿಡಲಿಲ್ಲ. ಕೈಯಲ್ಲಿ ಕತ್ತಿಯಿದ್ದವನ ಬಣ್ಣ ಕಾಣಿಸುವುದಿಲ್ಲ, ಕೈಯಲ್ಲಿ ಗುದ್ದಲಿಯಿದ್ದವನ ಬಣ್ಣವೇ ಮೊದಲು ಕಾಣಿಸುತ್ತದೆ.

ಸಿದ್ದಿ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಅರಬ್ಬಿಯ ಸೈಯದಿ ಎಂಬುದರಿಂದ ಅದು ಬಂತೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅದರ ಅರ್ಥ ‘ನನ್ನ ಒಡೆಯ’. ನಮ್ಮ ಜಿಲ್ಲೆಯ ತೋಟಗಳಲ್ಲಿ ಕೆಲಸದವರು ತೋಟದ ಯಜಮಾನನನ್ನು ‘ಒಡೆಯಾ’ ಎಂದು ಕರೆಯುವ ರೂಢಿ ನಿಮಗೆ ಗೊತ್ತು. ಹಾಗೆ ಕರೆಯುವವನ ಹೆಸರಿನಲ್ಲೇ ಒಡೆಯನಿದ್ದಾನೆ, ಕರೆಸಿಕೊಳ್ಳುವವನಿಗೆ ಅದು ಗೊತ್ತಿಲ್ಲ!

ಒಂದು ಪ್ರಸಂಗ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಧರ್ಮಸಭೆಯಲ್ಲಿ ಸಿದ್ದಿ ಯುವಕರ ತಂಡ ಢಮಾಮಿ ಬಾರಿಸಿ ಕುಣಿದು ಮೇಳ ಕಟ್ಟಿತು. ಕಾರ್ಯಕ್ರಮ ಮುಗಿದು ಅವರು ಪ್ರಸಾದಕ್ಕೆ ಕುಳಿತಾಗ, ಹಾವೇರಿ ಕಡೆಯಿಂದ ಬಂದಿದ್ದ ವಯೋವೃದ್ಧ ಭಕ್ತರೊಬ್ಬರು ನಮ್ಮತ್ತ ತಿರುಗಿ, “ಅಜ್ಜಾರ, ಇವ್ರು ಯಾವ ದೇಶದವ್ರರೀ?” ಎಂದು ಕೇಳಿದರು. ಮನಸ್ಸಿನಲ್ಲಿ ಕಪಟವಿರಲಿಲ್ಲ. ನಾವು ಉತ್ತರಿಸುವ ಮೊದಲೇ ತಂಡದ ಹುಡುಗ, “ನಮ್ದು ಅಂಕೋಲೆ ತಾಲೂಕು, ಯಜಮಾನ್ರೇ” ಎಂದ. “ಅದಲ್ಲಪಾ, ಮೂಲ?” “ಅಜ್ಜ, ಮುತ್ತಜ್ಜ ಎಲ್ಲಾ ಅಲ್ಲೇರೀ. ನಿಮ್ದು ಮೂಲ ಯಾವ್ದು?” ಹಿರಿಯರು ಒಂದು ಗಳಿಗೆ ತಡವರಿಸಿದರು. ಅವರ ಮನೆತನ ಮೂರು ತಲೆಮಾರಿನ ಹಿಂದೆ ಸೊಲ್ಲಾಪುರದ ಕಡೆಯಿಂದ ಬಂದು ನೆಲೆಸಿದ್ದು. ಲೆಕ್ಕ ಹಾಕಿದರೆ ಆ ಹುಡುಗನ ಮನೆತನವೇ ಕನ್ನಡನಾಡಿನಲ್ಲಿ ಹಳೆಯದು. ಇದನ್ನು ಅವರೇ ಹೇಳಿ ನಕ್ಕರು, ಹುಡುಗನೂ ನಕ್ಕ. ಅಲ್ಲಿಗೆ ಅದು ಮುಗಿಯಿತು.

ಎಲ್ಲ ಕಡೆಯೂ ನಗೆಯಲ್ಲಿ ಮುಗಿಯುವುದಿಲ್ಲ. ಬೆಂಗಳೂರಿಗೆ ಓದಲಿಕ್ಕೆ, ದುಡಿಯಲಿಕ್ಕೆ ಹೋದ ಸಿದ್ದಿ ಹುಡುಗರನ್ನು ವಿದೇಶದವರೆಂದು ತಿಳಿದು ಇಂಗ್ಲೀಷಿನಲ್ಲಿ ಮಾತನಾಡಿಸುವುದು, ಬಾಡಿಗೆ ಮನೆ ಕೇಳಿದರೆ ಪಾಸ್‌ಪೋರ್ಟ್ ತೋರಿಸೆನ್ನುವುದು ಅವರೇ ಹೇಳುವ ಮಾತು. 2016ರ ಜನವರಿ 31ರಂದು ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನ್ ದೇಶದ ಒಬ್ಬನ ಕಾರಿಗೆ ಸಿಕ್ಕಿ ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ ತಾಂಜಾನಿಯಾ ದೇಶದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಅಪಘಾತಕ್ಕೂ ಆಕೆಗೂ ಏನು ಸಂಬಂಧ? ಸುಡಾನಿಗೂ ತಾಂಜಾನಿಯಾಕ್ಕೂ ನಡುವೆ ಎಷ್ಟು ದೇಶಗಳಿವೆ? ಗುಂಪಿಗೆ ಭೂಗೋಳ ಬೇಕಾಗಿರಲಿಲ್ಲ. ‘ಆಫ್ರಿಕಾದವರು’ ಎಂಬ ಒಂದೇ ಹೆಸರಿನೊಳಗೆ ಒಂದು ಖಂಡವನ್ನೇ ತುಂಬಿಟ್ಟಿದ್ದರಿಂದ ಒಬ್ಬನ ತಪ್ಪು ಇನ್ನೊಬ್ಬಳ ಬೆನ್ನಿಗೆ ಬಿತ್ತು. ಮೂರನೆಯ ಹೆಸರಿನ ಕೆಲಸವೇ ಇದು. ಅದು ಮನುಷ್ಯರನ್ನು ಅದಲು ಬದಲು ಮಾಡುತ್ತದೆ.

ಅರುಣಾಚಲ ಪ್ರದೇಶದ ನಿಡೊ ತಾನಿಯಾ ಎಂಬ ಹುಡುಗ 2014ರಲ್ಲಿ ದಿಲ್ಲಿಯಲ್ಲಿ ಹೊಡೆತ ತಿಂದು ಸತ್ತ. ಅವನ ಕೂದಲನ್ನೂ ಮುಖವನ್ನೂ ಹಾಸ್ಯ ಮಾಡಿದ್ದೇ ಜಗಳದ ಮೂಲ. ಅವನು ಭಾರತೀಯ, ಹೊಡೆದವರೂ ಭಾರತೀಯರು. ಆ ಬಳಿಕ ಕೇಂದ್ರ ಸರಕಾರ ಬೆಜ್ಬರುವಾ ಸಮಿತಿಯನ್ನು ನೇಮಿಸಿ ಈಶಾನ್ಯದ ಜನರ ಅಳಲನ್ನು ಕೇಳಿಸಿಕೊಂಡಿತು. ನಮ್ಮ ಪೇಟೆಗಳ ಹೋಟೆಲುಗಳಲ್ಲಿ ಈಗ ಆ ಕಡೆಯ ಹುಡುಗರು ಕೆಲಸ ಮಾಡುತ್ತಾರೆ. ಅವರನ್ನು ‘ನೇಪಾಳಿ’ ಎಂದೋ ‘ಚೈನಾದವ’ ಎಂದೋ ಕೂಗುವವರನ್ನು ನಾವೇ ಕೇಳಿದ್ದೇವೆ. ಅಸ್ಸಾಮಿನಿಂದ ಬಂದ ಹುಡುಗ ಚಹಾ ತಂದಿಟ್ಟು, ಮಾತಾಡದೆ ಹೋಗುತ್ತಾನೆ.

ಇನ್ನು ಶಬ್ದಗಳ ವಿಚಾರ. ಇಂಗ್ಲೀಷಿನಲ್ಲಿ ರೇಸ್ ಎನ್ನುವುದಕ್ಕೆ ನಮ್ಮಲ್ಲಿ ಸರಿಯಾದ ಶಬ್ದವಿಲ್ಲ. ಪತ್ರಿಕೆಯವರು ‘ಜನಾಂಗ’ ಎಂದು ಬರೆಯುತ್ತಾರೆ. ಹಳ್ಳಿಯಲ್ಲಿ ಜನಾಂಗವೆಂದರೆ ಜಾತಿ. ದಕ್ಷಿಣ ಆಫ್ರಿಕಾದ ಕ್ರೂರ ಪದ್ಧತಿಯನ್ನು ‘ವರ್ಣಭೇದ’ ಎಂದರು; ಶಾಸ್ತ್ರ ಓದಿದವರಿಗೆ ವರ್ಣವೆಂದರೆ ಬೇರೆಯೇ ಅರ್ಥ. ನಮ್ಮ ಸಂವಿಧಾನದ ಕನ್ನಡ ಪಾಠದಲ್ಲಿ 15ನೆಯ ಅನುಚ್ಛೇದ ‘ಮೂಲವಂಶ’ ಎಂಬ ಶಬ್ದವನ್ನು ಬಳಸುತ್ತದೆ. ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದ ಸರಕಾರ ಯಾರಿಗೂ ತಾರತಮ್ಯ ಮಾಡಕೂಡದು ಎಂಬುದು ಅದರ ತಾತ್ಪರ್ಯ. ಸಂವಿಧಾನ ಜಾರಿಗೆ ಬಂದ 1950ರ ಜನವರಿ 26ರಂದು ಘಟ್ಟದ ಸಿದ್ದಿಯೂ ಕಾರವಾರದ ವಕೀಲನೂ ಒಂದೇ ದೇಶದ ಪ್ರಜೆಗಳಾದರು. ಆ ದಿನ ಇಬ್ಬರಲ್ಲಿ ಯಾರ ಮೂಲವನ್ನೂ ಯಾರೂ ಕೇಳಲಿಲ್ಲ.

ಶಬ್ದವಿಲ್ಲ ಎಂದಮಾತ್ರಕ್ಕೆ ದೋಷವಿಲ್ಲ ಎಂದಲ್ಲ. ಕಪ್ಪು ಬಣ್ಣವನ್ನು ನಮ್ಮ ಹಿರಿಯರು ಹೀನವೆಂದು ಎಣಿಸಿದವರೇ? ಕರಿಯಪ್ಪ, ಕರಿಯಮ್ಮ, ಕರಿಬಸಪ್ಪ ಎಂದು ಮಕ್ಕಳಿಗೆ ಹೆಸರಿಟ್ಟವರು ಅವರು. ಕೃಷ್ಣನೆಂದರೂ ಕಪ್ಪು, ಕಾಳಿಯೆಂದರೂ ಕಪ್ಪು. ಕರಿಯ ಎರೆಹೊಲವನ್ನು ತಾಯಿಯೆಂದು ಪೂಜಿಸಿದ ನಾಡು ಇದು. ಅದೇ ನಾಡಿನಲ್ಲಿ ಹೆಣ್ಣು ನೋಡಲು ಹೋದಾಗ ಬಣ್ಣದ ಚರ್ಚೆಯಾಗುತ್ತದೆ, ಕೂಸು ಹುಟ್ಟಿದಾಗ ‘ಬಣ್ಣ ಹೇಗಿದೆ’ ಎಂದು ಮೊದಲು ಕೇಳುವವರು ಅಜ್ಜಿಯಂದಿರು. ಮುಖಕ್ಕೆ ಹಚ್ಚುವ ಕ್ರೀಮಿನ ವ್ಯಾಪಾರ ಬೆಳೆದದ್ದು ಇದರಿಂದಲೇ. ‘ಕರಿಯ’ ಎಂಬ ಶಬ್ದ ದೇವರ ಮನೆಯಲ್ಲಿ ಹೆಸರಾಗಿತ್ತು, ಪೇಟೆಗೆ ಬಂದು ಬೈಗುಳಾಯಿತು. ಶಬ್ದ ಅದೇ, ನಾಲಗೆ ಬೇರೆ.

ಶಬ್ದಕ್ಕೆ ಹೀಗೆ ವಿಷ ಏರುವ ಬಗೆಯನ್ನು ನಮ್ಮದೇ ಎರಡು ಶಬ್ದಗಳಲ್ಲಿ ನೋಡಬಹುದು. ‘ಕೂಲಿ’ ಎಂದರೆ ನಮ್ಮಲ್ಲಿ ದಿನದ ದುಡಿಮೆಗೆ ಸಲ್ಲುವ ಹಣ. ಕೂಲಿ ಮಾಡಿ ತಿನ್ನುವುದು ಕಾಯಕ, ಅದರಲ್ಲಿ ಅವಮಾನವಿಲ್ಲ. ಇದೇ ಶಬ್ದವನ್ನು ಬಿಳಿಯರು ಹಡಗಿನಲ್ಲಿ ಹೊತ್ತು ದಕ್ಷಿಣ ಆಫ್ರಿಕಾಕ್ಕೆ ಒಯ್ದರು. ಅಲ್ಲಿ ಅದು ಭಾರತೀಯರೆಲ್ಲರಿಗೆ ಹಚ್ಚಿದ ಹೆಸರಾಯಿತು. ವ್ಯಾಪಾರಿಯೂ ಕೂಲಿ, ಮಾಸ್ತರನೂ ಕೂಲಿ, 1893ರಲ್ಲಿ ಅಲ್ಲಿಗೆ ಹೋದ ಗಾಂಧೀಜಿ ‘ಕೂಲಿ ಬ್ಯಾರಿಸ್ಟರ್’. ಮೊದಲ ದರ್ಜೆಯ ಟಿಕೇಟಿದ್ದರೂ ಪೀಟರ್‌ಮ್ಯಾರಿಟ್ಸ್‌ಬರ್ಗ್ ಎಂಬ ನಿಲ್ದಾಣದಲ್ಲಿ ಅವರನ್ನು ರೈಲಿನಿಂದ ಹೊರದೂಡಿದ್ದು ಆ ಹೆಸರಿನ ಬಲದಿಂದಲೇ. ಎರಡನೆಯದು ಇನ್ನೂ ಹತ್ತಿರದ್ದು. ‘ಕನ್ನಡ’ ಎಂಬ ನಮ್ಮ ನುಡಿಯ ಹೆಸರನ್ನು ಪರದೇಶದ ಬಾಯಿಗಳು ಕೆನರಾ ಮಾಡಿದವು. ಪೋರ್ಚುಗೀಸರು ಗೋವೆಯ ಸ್ಥಳೀಯರನ್ನು ‘ಕನಾರಿಂ’ ಎಂದರು. 1640ರಲ್ಲಿ ರಾಚೋಲದಲ್ಲಿ ಅಚ್ಚಾದ ಥಾಮಸ್ ಸ್ಟೀಫನ್ಸ್ ಪಾದ್ರಿಯ ಕೊಂಕಣಿ ವ್ಯಾಕರಣದ ಹೆಸರಿನಲ್ಲೂ ಆ ಶಬ್ದವಿದೆ. ಬರಬರುತ್ತ ಅದು ಗೋವೆಯ ಜನರನ್ನು ಹೀಯಾಳಿಸುವ ಮಾತಾಯಿತು. ಕಾಳಿ ನದಿಯ ಉತ್ತರಕ್ಕೆ ಸ್ವಲ್ಪ ದೂರದಲ್ಲೇ ನಮ್ಮ ತಾಯಿನುಡಿಯ ಹೆಸರು ಬೈಗುಳಾಗಿ ತಿರುಗಿದ್ದನ್ನು ತಿಳಿದವರು, ಇನ್ನೊಬ್ಬರ ಹೆಸರನ್ನು ಬೈಗುಳ ಮಾಡುವ ಮುನ್ನ ಎರಡು ಸಲ ಯೋಚಿಸಿಯಾರು.

ಗಾಂಧೀಜಿಯವರ ಹೆಸರೆತ್ತಿದ ಮೇಲೆ ಇನ್ನೊಂದು ಸಂಗತಿಯನ್ನು ಮುಚ್ಚಿಡುವುದು ಧರ್ಮವಲ್ಲ. ಕೂಲಿ ಎನ್ನಿಸಿಕೊಂಡು ನೊಂದ ಅದೇ ಗಾಂಧಿಯವರು ಆರಂಭದ ವರ್ಷಗಳ ತಮ್ಮ ಬರಹಗಳಲ್ಲಿ ಅಲ್ಲಿಯ ಕಪ್ಪು ಜನರನ್ನು ‘ಕಾಫಿರ್’ ಎಂದು ಕರೆದರು, ಭಾರತೀಯರನ್ನು ಅವರ ಸಾಲಿಗೆ ಸೇರಿಸಬಾರದೆಂದು ವಾದಿಸಿದರು. ಈ ಕಾರಣ ಹೇಳಿ 2018ರಲ್ಲಿ ಘಾನಾ ದೇಶದ ವಿಶ್ವವಿದ್ಯಾಲಯವೊಂದರ ಆವರಣದಿಂದ ಅವರ ಪ್ರತಿಮೆಯನ್ನು ತೆಗೆದರು. ನಮ್ಮ ಭಕ್ತರಲ್ಲಿ ಕೆಲವರಿಗೆ ಇದು ಕಹಿಯಾಗಬಹುದು. ಮಹಾತ್ಮರು ಆ ಮಾತುಗಳಿಂದ ಬಹಳ ದೂರ ನಡೆದು ಬಂದರು, ಕಪ್ಪು ಜನರ ನಾಯಕರೇ ಮುಂದೆ ಅವರನ್ನು ಗುರುವೆಂದು ಒಪ್ಪಿದರು ಎಂಬುದೂ ಸತ್ಯ. ಆದರೆ ತನಗೆ ಹಚ್ಚಿದ ಹೆಸರಿನ ನೋವು ಇನ್ನೊಬ್ಬನಿಗೆ ಹೆಸರು ಹಚ್ಚದಂತೆ ತಡೆಯುತ್ತದೆಂದು ಯಾರೂ ನಂಬಬಾರದು. ಅಂಥ ದೊಡ್ಡವರಲ್ಲೇ ತಡೆಯಲಿಲ್ಲ.

‘ಕಾಫಿರ್’ ಎಂಬ ಶಬ್ದದ ತಿರುಗಾಟವೂ ವಿಚಿತ್ರ. ಅರಬ್ಬಿಯಲ್ಲಿ ನಂಬದವನು ಎಂದರ್ಥ. ಪೋರ್ಚುಗೀಸರ ಬಾಯಲ್ಲಿ ಅದು ಆಫ್ರಿಕಾದ ಗುಲಾಮನಾಯಿತು. ಗೋವೆಯ ಕೊಂಕಣಿಯಲ್ಲಿ ಖಾಪ್ರಿಯಾಯಿತು. ದಕ್ಷಿಣ ಆಫ್ರಿಕಾದಲ್ಲಿ ಇಂದು ಆ ಶಬ್ದವನ್ನು ಒಬ್ಬರ ಮೇಲೆ ಎಸೆದರೆ ಕೋರ್ಟಿಗೆ ಹೋಗಬೇಕಾಗುತ್ತದೆ. ಶ್ರೀಲಂಕೆಯ ಪುತ್ತಲಂ ಕಡೆ ನಮ್ಮ ಸಿದ್ದಿಗಳಂತೆಯೇ ಪೋರ್ಚುಗೀಸರ ಕಾಲದಲ್ಲಿ ಬಂದ ಒಂದು ಸಣ್ಣ ಸಮುದಾಯವಿದೆ. ಅವರು ತಮ್ಮನ್ನು ತಾವೇ ಕಾಫಿರ್ ಎಂದು ಕರೆದುಕೊಳ್ಳುತ್ತಾರೆ, ಅದರಲ್ಲಿ ಅವರಿಗೆ ಸಂಕೋಚವಿಲ್ಲ. ಅಮೇರಿಕೆಯ ಕಪ್ಪು ಜನರು ಒಂದು ಕಾಲಕ್ಕೆ ನೀಗ್ರೋ ಎಂಬುದನ್ನು ಗೌರವದಿಂದ ಒಪ್ಪಿದ್ದರು, ಆಮೇಲೆ ಬೇಡವೆಂದರು. 2016ರಲ್ಲಿ ಆ ದೇಶದ ಸರಕಾರ ತನ್ನ ಕಾಯಿದೆಗಳಲ್ಲಿ ಉಳಿದಿದ್ದ ಆ ಶಬ್ದವನ್ನು ತೆಗೆದುಹಾಕಿತು. ಯಾವ ಶಬ್ದ ಶುದ್ಧ, ಯಾವುದು ಅಶುದ್ಧ ಎಂಬುದಕ್ಕೆ ನಿಘಂಟು ಪ್ರಮಾಣವಲ್ಲ. ಕರೆಸಿಕೊಳ್ಳುವವರ ಒಪ್ಪಿಗೆಯೇ ಪ್ರಮಾಣ.

ಕೆಲವು ಹಿರಿಯರು ಹೇಳುತ್ತಾರೆ: “ನಮ್ಮ ಕಾಲದಲ್ಲಿ ಹೀಗೇ ಕರೆಯುತ್ತಿದ್ದೆವು, ಯಾರೂ ಬೇಸರಪಡುತ್ತಿರಲಿಲ್ಲ, ಈಗ ಎಲ್ಲದಕ್ಕೂ ಸಿಟ್ಟು.” ಬೇಸರಪಟ್ಟವನು ಆಗ ನಿಮ್ಮ ಮುಂದೆ ಹೇಳುವ ಸ್ಥಿತಿಯಲ್ಲಿದ್ದನೇ ಎಂಬುದನ್ನು ಕೇಳಿಕೊಳ್ಳಬೇಕು. ‘ಹರಿಜನ’ ಎಂಬ ಹೆಸರನ್ನು ಗಾಂಧೀಜಿ ಪ್ರೀತಿಯಿಂದಲೇ ಬಳಸಿದರು. ಯಾರಿಗಾಗಿ ಬಳಸಿದರೋ ಅವರ ನಾಯಕರಾದ ಡಾ. ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಕೊನೆಗೆ 1982ರಲ್ಲಿ ಕೇಂದ್ರ ಸರಕಾರವೇ ಕಾಗದಪತ್ರಗಳಲ್ಲಿ ಆ ಶಬ್ದ ಬೇಡವೆಂದು ರಾಜ್ಯಗಳಿಗೆ ತಿಳಿಸಿತು. ಇಷ್ಟಾದರೂ ನಮ್ಮ ಅನೇಕ ಊರುಗಳಲ್ಲಿ ‘ಹರಿಜನ ಕೇರಿ’ ಎಂಬುದು ಹಿರಿಯರ ನಾಲಗೆಯಿಂದ ಇನ್ನೂ ಇಳಿದಿಲ್ಲ. ಪ್ರೀತಿಯಿಂದ ಕೊಟ್ಟ ಹೆಸರೂ ಪಡೆದವನಿಗೆ ಹೊರೆಯಾಗಬಹುದು. ಹೊರೆ ಎಂದು ಅವನು ಹೇಳಿದ ಮೇಲೆ ಇಳಿಸಲಿಕ್ಕೆ ಕೈಕೊಡುವುದು ಬಿಟ್ಟು, ಪ್ರೀತಿಯ ಲೆಕ್ಕ ಒಪ್ಪಿಸುತ್ತ ನಿಲ್ಲುವುದು ಯಾವ ರೀತಿ?

ಹೊಗಳಿಕೆಯ ಹಣೆಪಟ್ಟಿಯೂ ಒಂದಿದೆ. 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಡಲಾರಂಭಿಸಿದರು. ಆಫ್ರಿಕಾದ ಮೈಕಟ್ಟು, ಒಲಿಂಪಿಕ್ ಪದಕ ಬಂದೀತೆಂಬ ಆಸೆ. ಕೆಲವು ಮಕ್ಕಳು ಚೆನ್ನಾಗಿಯೇ ಓಡಿ ಹೆಸರು ತಂದರು. ಕೆಲವು ವರ್ಷಗಳಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಅಡಿಕೆ ತೋಟಕ್ಕೆ ಮರಳಿದರು. ದೇಶಕ್ಕೆ ಅವರ ಕಾಲು ಬೇಕಾಗಿತ್ತು. ಆ ಕಾಲುಗಳು ನಿಲ್ಲುವ ನೆಲದ ಪಹಣಿಯನ್ನು ಯಾರೂ ವಿಚಾರಿಸಲಿಲ್ಲ.

ಮೂಲವಂಶವೆಂಬುದನ್ನು ಶಾಸ್ತ್ರವೆಂದು ನಂಬಿಸಿದ್ದೂ ಹೆಚ್ಚು ಹಳೆಯ ಮಾತಲ್ಲ. 1901ರ ಜನಗಣತಿಯ ಮುಖ್ಯಸ್ಥನಾಗಿದ್ದ ರಿಸ್ಲಿ ಎಂಬ ಅಧಿಕಾರಿ ಮೂಗಿನ ಉದ್ದಗಲ ಅಳೆದು ಜನರ ಮೇಲುಕೀಳು ಗೊತ್ತುಮಾಡಬಹುದೆಂದು ಬರೆದ. ನೆಗಡಿಯಾದ ದಿನ ಅಳೆದರೆ ಕುಲ ಬದಲಾಗುತ್ತಿತ್ತೋ ಏನೋ! ಈಗಿನ ವಿಜ್ಞಾನ ಮೂಗನ್ನು ಬಿಟ್ಟು ರಕ್ತವನ್ನು ನೋಡುತ್ತದೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳೂ ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಸಿದ್ದಿಗಳ ಮೂಲ ಆಫ್ರಿಕಾದ ಬಂಟು ಭಾಷೆಗಳನ್ನಾಡುವ ಜನರಲ್ಲಿದೆ. ಜೊತೆಗೆ ಈ ನೆಲದ ಜನರ ರಕ್ತವೂ ಸೇರಿದೆ, ಪೋರ್ಚುಗೀಸರದೂ ಸ್ವಲ್ಪ ಇದ್ದೀತು. ಬಂಟು ಎಂದರೆ ಆ ಭಾಷೆಗಳಲ್ಲಿ ‘ಜನರು’ ಎಂದಷ್ಟೇ ಅರ್ಥ. ನೀವು ಯಾರೆಂದು ಕೇಳಿದವರಿಗೆ ಅವರ ಪೂರ್ವಜರು ಕೊಟ್ಟ ಉತ್ತರ ಅದು: ನಾವು ಮನುಷ್ಯರು.

ಹಾಗಾದರೆ ಸಿದ್ದಿ ಎಂಬ ಹೆಸರನ್ನೇ ಬಿಡಬೇಕೇ? ಅಲ್ಲ. ಆ ಹೆಸರನ್ನು ಅವರು ತಮ್ಮ ಹೆಸರಿನ ತುದಿಗೆ ತಾವೇ ಧರಿಸಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೂ ಅದು ದೊರೆಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸಮುದಾಯದ ಮೊದಲ ಶಾಸಕರಾದರು. ಹಾಸ್ಟೆಲಿನ ಸೀಟಿಗೆ, ಅರಣ್ಯ ಹಕ್ಕಿನ ಅರ್ಜಿಗೆ ಈಗ ಆ ಹೆಸರೇ ಆಧಾರ. ಕಾಗದದ ಮೇಲೆ ಅದು ಹಕ್ಕು. ಅದೇ ಹೆಸರನ್ನು ಹೊಲದ ಬದುವಿನ ಮೇಲೆ ನಿಂತು ‘ಏ ಸಿದ್ದೀ’ ಎಂದು ಕೂಗಿದರೆ ಅದು ಬೇರೆಯೇ ವಸ್ತು. ಹೆಸರಿನಲ್ಲಿ ದೋಷ ಇಲ್ಲ, ‘ಏ’ ಎಂಬಲ್ಲಿ ಇದೆ.

ನಮ್ಮ ಪ್ರಕಾರ ಇಡೀ ವಿಚಾರದ ಗಂಟು ಇರುವುದು ಇಲ್ಲಿಯೇ. ಇಂಗ್ಲೀಷಿನವರಿಗೆ ‘ಯು’ ಎಂಬ ಒಂದೇ ಶಬ್ದ ಸಾಕು. ಕನ್ನಡದಲ್ಲಿ ನೀನು ಬೇರೆ, ನೀವು ಬೇರೆ. ಬಾ ಬೇರೆ, ಬನ್ನಿ ಬೇರೆ. ಬೈಗುಳವನ್ನೇ ಆಡದೆ ಕ್ರಿಯಾಪದದ ತುದಿಯಲ್ಲೇ ಒಬ್ಬನನ್ನು ನೆಲಕ್ಕೆ ಇಳಿಸುವ ಶಕ್ತಿ ನಮ್ಮ ಭಾಷೆಗಿದೆ. ಎಪ್ಪತ್ತು ವರ್ಷದ ಸಿದ್ದಿ ಮುದುಕನನ್ನು ತೋಟದ ಮನೆಯ ಹತ್ತು ವರ್ಷದ ಹುಡುಗ ‘ಬಾರೋ, ಹೋಗೋ’ ಎನ್ನುತ್ತಾನೆ. ಮುದುಕ ‘ಬಂದೆ ಒಡೆಯಾ’ ಎನ್ನುತ್ತಾನೆ. ಹುಡುಗನಿಗೆ ಮೂಲವಂಶದ ಪಾಠವನ್ನು ಯಾರೂ ಮಾಡಿಲ್ಲ. ಅಪ್ಪನ ಬಾಯಿಂದ ಕೇಳಿ ಕಲಿತದ್ದು, ಅಪ್ಪ ಅಜ್ಜನಿಂದ ಕೇಳಿದ್ದು. ಅದೇ ಹುಡುಗ ಮುಂದೆ ಓದಿ ಅಮೇರಿಕೆಗೆ ಹೋದಾಗ ಯಾರಾದರೂ ಅವನ ಬಣ್ಣ ನೋಡಿ ನಿನ್ನ ದೇಶಕ್ಕೆ ಹಿಂದಿರುಗು ಎಂದರೆ ಮನೆಗೆ ಫೋನು ಮಾಡಿ ಅಳುತ್ತಾನೆ. ಆಗ ಮನೆಮಂದಿಗೆಲ್ಲ ವರ್ಣದ್ವೇಷವೆಂದರೆ ಏನೆಂದು ಅರ್ಥವಾಗುತ್ತದೆ.

ಶರಣರು ಈ ಗಂಟನ್ನು ಬಿಡಿಸಿದ ರೀತಿಯನ್ನು ಗಮನಿಸಿ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ. ಲೋಕ ಯಾವ ಹೆಸರಿನಿಂದ ಅವರನ್ನು ದೂರವಿಟ್ಟಿತ್ತೋ ಅದನ್ನು ಅವರು ಒರೆಸಿಹಾಕಲಿಲ್ಲ, ಮುಚ್ಚಿಡಲೂ ಇಲ್ಲ. ಅದರ ಮುಂದೆ ಚೆನ್ನನಿಗೆ ಒಂದು ‘ಅಯ್ಯ’ ಸೇರಿಸಿದರು. ಬಸವಣ್ಣನವರು ಸಂಬೋಧನೆಯ ಕುರಿತು ಹೇಳಿದ ವಚನ ನಿಮಗೆಲ್ಲ ಬಾಯಿಪಾಠವಿದೆ, ಇಲ್ಲಿ ಅದನ್ನು ಬರೆಯಬೇಕಾಗಿಲ್ಲ. ದೀಕ್ಷೆಯಾದವನ ಹಿಂದಿನ ಕುಲವನ್ನು ವಿಚಾರಿಸಕೂಡದೆಂಬುದು ಆಗಮಗಳ ಕಟ್ಟಪ್ಪಣೆ. ನಮ್ಮ ಮಠಗಳ ಪಂಕ್ತಿಗಳಲ್ಲಿ ಅದು ಪೂರ್ತಿಯಾಗಿ ನಡೆದಿದೆಯೆಂದು ಎದೆತಟ್ಟಿ ಹೇಳುವ ಧೈರ್ಯ ಯಾವ ಪೀಠದಲ್ಲಿರುವವರಿಗೂ ಇರಲಾರದು.

ಕಾರವಾರದವರಿಗೆ ‘ನೀವು ಎಲ್ಲಿಯವರು’ ಎಂಬ ಪ್ರಶ್ನೆಯ ಚುಚ್ಚು ಹೊಸದೇನಲ್ಲ. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಹಳೆಯ ದಾಖಲೆ ಮರಾಠಿಯಲ್ಲಿ. 1956ರವರೆಗೆ ಮುಂಬಯಿ ರಾಜ್ಯ, ಆಮೇಲೆ ಮೈಸೂರು ರಾಜ್ಯ. ಮಹಾರಾಷ್ಟ್ರ ತನ್ನದೆಂದು ಕೇಳಿದಾಗ 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟು ಕಾರವಾರ ಇಲ್ಲೇ ಇರಲೆಂದಿತು. ಆಡುವ ನುಡಿಯನ್ನು ನೋಡಿ ನೀನು ಈ ನಾಡಿನವನಲ್ಲವೆಂದು ಹೇಳಿಸಿಕೊಂಡ ಜನ ಅವರು. ಘಟ್ಟದ ಸಿದ್ದಿಯನ್ನು ಅವನ ಮೈಬಣ್ಣ ನೋಡಿ ನೀನು ಯಾವ ದೇಶದವನೆಂದು ಕೇಳಿದಾಗ ಅವನೊಳಗೆ ಏನಾಗುತ್ತದೆಂಬುದು ಬೇರೆ ಜಿಲ್ಲೆಯವರಿಗಿಂತ ಅವರಿಗೆ ಬೇಗ ತಿಳಿಯಬೇಕು.

ಕೇಂದ್ರ ಸರಕಾರ 2025ರಲ್ಲಿ ಘೋಷಿಸಿದಂತೆ 2027ರ ಜನಗಣತಿಯಲ್ಲಿ ಎಲ್ಲರ ಜಾತಿಯನ್ನೂ ಬರೆದುಕೊಳ್ಳಬೇಕಾಗಿದೆ. ಈ ಕೆಲಸಕ್ಕೆ ಹೆಚ್ಚಾಗಿ ನೇಮಕವಾಗುವವರು ಶಾಲೆಯ ಮಾಸ್ತರರು, ಅವರಲ್ಲಿ ನಮ್ಮ ಭಕ್ತರೂ ಬಹಳ ಜನ. ಘಟ್ಟದ ಮನೆಗಳಿಗೆ ಹೋದಾಗ ಅಂಗಳದ ಆಚೆ ಬೈಕಿನ ಮೇಲೆ ಕುಳಿತೇ ‘ಸಿದ್ದಿ ಅಲ್ಲವೇನೋ’ ಎಂದು ಕೇಳಿ ಬರೆದುಕೊಳ್ಳಬೇಡಿ. ಒಳಗೆ ಹೋಗಿ ಕುಳಿತು, ಮನೆಯ ಹಿರಿಯರ ಪೂರ್ತಿ ಹೆಸರನ್ನು ‘ನೀವು’ ಎಂದು ಸಂಬೋಧಿಸಿ ಕೇಳಿ, ಅವರು ಹೇಳಿದಂತೆ ಬರೆಯಿರಿ. ಬರೆದದ್ದನ್ನು ಅವರಿಗೆ ಓದಿ ತೋರಿಸಿ. ‘ದ’ಕಾರಕ್ಕೆ ‘ದ’ ಒತ್ತೋ ‘ಧ’ ಒತ್ತೋ ಎಂಬುದರಲ್ಲೂ ಎಷ್ಟೋ ಮಕ್ಕಳ ಪ್ರಮಾಣಪತ್ರ ತಾಲೂಕು ಕಚೇರಿಯಿಂದ ಹಿಂದಿರುಗಿದೆ.